ನಿರಿಗೆ ಹಿಂದೆ, ಗಾಂಭೀರ್ಯ ಮುಂದೆ

ನಡುವಯಸ್ಸು ದಾಟಿದ ಗಂಡಸಿನ ಮೊಣಕಾಲಿಗೆ ಸಾಮಾಜಿಕ ಜೀವನ ಅಂತೊಂದು ಇರುವುದಿಲ್ಲ. ನೌಕರಿಗೆ ಸೇರಿದ ದಿನ ಪ್ಯಾಂಟಿನೊಳಗೆ ಹೊಕ್ಕಿದ್ದು ಆಮೇಲೆ ಬೆಳಕು ಕಾಣುವುದು ಮೂಳೆ ಡಾಕ್ಟರ ಮುಂದೆಯೇ. ಆದ್ದರಿಂದ ಸ್ಕಾಟ್ಲೆಂಡಿನ ಗಂಡಸರು ಉಡುವ, ಮೊಣಕಾಲವರೆಗಿನ ನಿರಿಗೆಯ ಕಿಲ್ಟ್ ತೊಡುವ ಆಸೆ ಹುಟ್ಟಿದವನು ಮೊದಲು ಒಪ್ಪಿಸಬೇಕಾದ್ದು ಹೆಂಡತಿ ಮಕ್ಕಳನ್ನಲ್ಲ, ತನ್ನ ಮೊಣಕಾಲನ್ನು. ಹೆಂಡತಿ ಮಕ್ಕಳು ಒಂದು ಸಲ ನಕ್ಕು ಸುಮ್ಮನಾಗುತ್ತಾರೆ. ಮೊಣಕಾಲು ಮಾತ್ರ ಸ್ಕಾಟ್ಲೆಂಡಿನ ಗಾಳಿಯ ಮೇಲೆ ಸಂಜೆಯವರೆಗೂ ದೂರು ಹೇಳುತ್ತಲೇ ಇರುತ್ತದೆ.

ನಾನು ಆ ಆಸೆಗೆ ಬಿದ್ದದ್ದು ಅಲ್ಲಿನ ಇನ್ವರ್ನೆಸ್ ಊರಿನಲ್ಲಿ. ಅಲ್ಲಿ ಪರಿಚಯವಾದವರೊಬ್ಬರು ಕೇಲಿಗೆ ಬನ್ನಿ ಎಂದು ಕರೆದರು. ಪಿಟೀಲು, ಅಕಾರ್ಡಿಯನ್ ನುಡಿಸುವವರು ಒಂದು ಮೂಲೆಯಲ್ಲಿ, ಊರವರು ನೆಂಟರು ಮುದುಕರು ಮಕ್ಕಳು ಎಲ್ಲರೂ ನಡುವೆ ಕುಣಿಯುವುದು, ಇದು ಕೇಲಿ. "ಕಿಲ್ಟ್ ತೊಟ್ಟು ಬಂದರೆ ಇನ್ನೂ ಸಂತೋಷ" ಎಂಬ ಮಾತೂ ಕರೆಯ ಜೊತೆ ಬಂತು. ನೂರಾರು ಪೌಂಡು ತೆತ್ತು ಕೊಂಡು, ಬೆಂಗಳೂರಿನ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿಸುವ ವಸ್ತು ಅದಲ್ಲ. ಬಾಡಿಗೆಗೆ ಸಿಗುತ್ತದೆ. ಸ್ಕಾಟರಲ್ಲೂ ಬಹಳ ಮಂದಿ ಮದುವೆ ಮುಂಜಿಗೆ ಬಾಡಿಗೆ ಕಿಲ್ಟನ್ನೇ ತರುತ್ತಾರೆಂದು ತಿಳಿದಾಗ ನನ್ನ ಸಂಕೋಚ ಅರ್ಧ ಇಳಿಯಿತು.

ಅಂಗಡಿಯವರು ಮೊದಲು ಕೇಳಿದ್ದು ಸೊಂಟದ ಅಳತೆಯಲ್ಲ, ಕುಲ. "ನಿಮ್ಮದು ಯಾವ ಕ್ಲ್ಯಾನ್?" ಗೋತ್ರ ಕೇಳಿದ್ದರೆ ಹೇಳಬಹುದಿತ್ತು, ಆದರೆ ಕ್ಲ್ಯಾನಿಗೆ ಇರುವಂತೆ ಗೋತ್ರಕ್ಕೆ ಟಾರ್ಟನ್ ಎಂಬ ಚೌಕಳಿ ಬಟ್ಟೆ ಇಲ್ಲವಲ್ಲ. ಕ್ಲ್ಯಾನ್ ಇಲ್ಲದವರಿಗೂ ದಾರಿ ಇದೆ ಎಂದು ಅವರು ಬ್ಲಾಕ್ ವಾಚ್ ಟಾರ್ಟನ್ನಿನ ಕಿಲ್ಟ್ ಎತ್ತಿಕೊಟ್ಟರು. ಕಡು ನೀಲಿ, ಹಸಿರು, ಕಪ್ಪು. ಯಾರು ಬೇಕಾದರೂ ಉಡಬಹುದಾದ ಬಣ್ಣ. ಯಾರ ಟಾರ್ಟನ್ ಯಾರು ಉಡಬೇಕೆಂಬುದಕ್ಕೆ ಅಲ್ಲಿ ಕಾನೂನಿಲ್ಲ, ಮರ್ಯಾದೆ ಇದೆ. ಬ್ಯಾಲ್ಮೋರಲ್ ಟಾರ್ಟನ್ ರಾಜಮನೆತನಕ್ಕೆ ಮೀಸಲು, ಅದನ್ನು ಅಂಗಡಿಯವರೂ ಕೊಡುವುದಿಲ್ಲ. ಹೊಸ ವಿನ್ಯಾಸ ಹೆಣೆದವರು ಶುಲ್ಕ ಕಟ್ಟಿ ದಾಖಲಿಸಲು 2009ರಿಂದ ಸರ್ಕಾರದ ಟಾರ್ಟನ್ ನೋಂದಣಿ ಪುಸ್ತಕವೇ ಇದೆ. ಸಿಂಗ್ ಹೆಸರಿನ ಟಾರ್ಟನ್ ಅದಕ್ಕೂ ಹಿಂದೆ, 1999ರಲ್ಲೇ ಬಂದಿತ್ತು. ಗೌಡ, ಶೆಟ್ಟಿ, ರಾವ್‌ಗಳು ಮನಸ್ಸು ಮಾಡಿದರೆ ಬಾಗಿಲೇನೂ ಮುಚ್ಚಿಲ್ಲ.

ಪಂಚೆ ಉಡಲು ಬರುವವನಿಗೆ ಕಿಲ್ಟ್ ಯಾವ ಲೆಕ್ಕ ಎಂದುಕೊಂಡಿದ್ದೆ. ಪದ್ಧತಿಯಂತೆ ಹೊಲಿದ ಕಿಲ್ಟಿಗೆ ಎಂಟು ಗಜ ಉಣ್ಣೆ ಬೇಕು, ಅಂದರೆ ಹದಿನಾರು ಮೊಳ. ನಮ್ಮ ಎಂಟು ಮೊಳದ ಪಂಚೆಯ ಎರಡರಷ್ಟು. ಅದರಲ್ಲಿ ಹೆಚ್ಚಿನ ಬಟ್ಟೆ ನಿರಿಗೆಯಾಗಿ ಹಿಂದಕ್ಕೆ ಹೋಗುತ್ತದೆ, ಮುಂದೆ ಸಪಾಟು. ನಮ್ಮ ನಿರಿಗೆ ಎದುರು ಬಂದವರಿಗೆ ಕಾಣಲೆಂದು ಇದ್ದರೆ ಅವರದು ಬಿಟ್ಟು ಹೋಗುವಾಗ ಕಾಣಲೆಂದು ಇದೆ. ಪಂಚೆ ಸಲಿಗೆಯ ಉಡುಪು: ಸೆಕೆಯಾದರೆ ಎತ್ತಿ ಕಟ್ಟು, ಹಿರಿಯರು ಬಂದರೆ ಇಳಿಬಿಡು. ಕಿಲ್ಟಿನಲ್ಲಿ ಈ ಮಾತುಕತೆಗೆ ಅವಕಾಶವಿಲ್ಲ. ಹೊಕ್ಕುಳ ಮಟ್ಟದಲ್ಲಿ ಚರ್ಮದ ಪಟ್ಟಿ ಬಿಗಿದು ಬಕಲ್ ಹಾಕಿದ ಮೇಲೆ ಅಂಚು ಮೊಣಕಾಲಿನ ನಡುವಿಗೆ ಬಂದು ನಿಲ್ಲಬೇಕು, ಮೇಲೂ ಇಲ್ಲ ಕೆಳಗೂ ಇಲ್ಲ. ಕಿಲ್ಟ್ ಪಿನ್ನನ್ನು ಮೇಲಿನ ಪದರಕ್ಕಷ್ಟೇ ಚುಚ್ಚಬೇಕು. ಎರಡೂ ಪದರ ಸೇರಿಸಿ ಚುಚ್ಚಿದರೆ ಬಟ್ಟೆ ಜಗ್ಗಿ ಹರಿಯುತ್ತದೆ. ಜೇಬಿಲ್ಲದ ಕಾರಣ ಸೊಂಟದ ಸರಪಳಿಗೆ ಸ್ಪೊರನ್ ಎಂಬ ಚರ್ಮದ ಚೀಲ. ಕಾಲುಚೀಲದಲ್ಲಿ ಸ್ಕೀಯನ್ ಡೂ ಎಂಬ ಪುಟ್ಟ ಚೂರಿ. ಬೀದಿಯಲ್ಲಿ ಚೂರಿ ಇಟ್ಟುಕೊಂಡು ಓಡಾಡುವುದು ಅಪರಾಧವಾದ ಆ ದೇಶದಲ್ಲಿ, ರಾಷ್ಟ್ರೀಯ ಉಡುಪಿನ ಭಾಗ ಎಂಬ ಕಾರಣಕ್ಕೆ ಇದಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ.

ಎಲ್ಲ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಒಂದು ಸಂಗತಿ ತಿಳಿಯಿತು. ಹಿಂದೆ ಅಷ್ಟು ಭಾರ ತೂಗುವಾಗ ಗೂನು ಬೆನ್ನಿನಲ್ಲಿ ನಿಲ್ಲಲಾಗದು. ಕಂಪ್ಯೂಟರಿನ ಮುಂದೆ ಬಾಗಿ ಬಾಗಿ ಸವೆದ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ನಡಿಗೆ ನಿಧಾನವಾಗುತ್ತದೆ, ನಿರಿಗೆ ಹೆಜ್ಜೆಗೊಂದು ಸಲ ತೂಗುತ್ತದೆ. ಕೂರುವ ಮುನ್ನ ಎರಡೂ ಅಂಗೈಯಿಂದ ನಿರಿಗೆ ಸವರಿ ಒತ್ತಿಕೊಂಡು, ಕೂತ ಮೇಲೆ ಸ್ಪೊರನ್ನನ್ನು ನಡುವೆ ಇಳಿಬಿಟ್ಟು, ಮಂಡಿ ಜೋಡಿಸಿಕೊಳ್ಳಬೇಕು. ಕಾಲು ಅಗಲಿಸಿಕೊಂಡು ಕೂರುವುದು ಗಂಡಸಿನ ಜನ್ಮಸಿದ್ಧ ಹಕ್ಕೆಂದು ನಂಬಿದವರಿಗೆಲ್ಲ ಕಡ್ಡಾಯವಾಗಿ ಒಂದು ದಿನ ಕಿಲ್ಟ್ ಉಡಿಸಬೇಕು ಎಂದಳು ನನ್ನ ಮಡದಿ. ನಾನು ಮಂಡಿ ಜೋಡಿಸಿಕೊಂಡೇ ಒಪ್ಪಿದೆ.

ಕೇಲಿಯ ಮರುದಿನ ಹತ್ತಿರದ ಕಲೋಡನ್ ಬಯಲಿಗೆ ಹೋಗುವಾಗ ಅದೇ ವೇಷದಲ್ಲಿ ಹೋದರೆ ಫೋಟೋ ಚೆನ್ನಾಗಿ ಬರುತ್ತದೆ ಎಂಬ ಸಲಹೆ ಬಂತು. ನಾನು ಪ್ಯಾಂಟನ್ನೇ ಹಾಕಿಕೊಂಡೆ. 1746ರ ಏಪ್ರಿಲ್ 16ರಂದು ಒಂದು ಗಂಟೆಯೊಳಗೆ ಮುಗಿದುಹೋದ ಯುದ್ಧದ ಜಾಗ ಅದು. ಬ್ರಿಟನ್ನಿನ ಸಿಂಹಾಸನಕ್ಕೆ ಹಕ್ಕು ಹೇಳಿ ಬಂದ ರಾಜಕುಮಾರ ಚಾರ್ಲ್ಸ್ ಸ್ಟುವರ್ಟನನ್ನು ನಂಬಿದ, ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡಿನ ಕುಲದವರು ಸರ್ಕಾರಿ ಫಿರಂಗಿಗೆ ಎದೆಕೊಟ್ಟು ಸತ್ತರು. ಹೀದರ್ ಪೊದೆಗಳ ನಡುವೆ ಕುಲದ ಹೆಸರು ಕೆತ್ತಿದ ಕಲ್ಲುಗಳಿವೆ, ವ್ಯಕ್ತಿಗಳ ಹೆಸರಿಲ್ಲ. ಗೆದ್ದ ಸರ್ಕಾರ ಆಮೇಲೆ ಬಟ್ಟೆಯ ಮೇಲೂ ಕೈಮಾಡಿತು. 1747ರ ಆಗಸ್ಟ್‌ನಿಂದ ಹೈಲ್ಯಾಂಡ್ ಉಡುಪು ತೊಟ್ಟ ಗಂಡಸಿಗೆ ಆರು ತಿಂಗಳ ಸೆರೆ; ಮತ್ತೆ ಸಿಕ್ಕಿಬಿದ್ದರೆ ಏಳು ವರ್ಷ ಕಡಲಾಚೆಗೆ ಗಡೀಪಾರು. 1782ರವರೆಗೆ ಆ ಕಾನೂನು ಇತ್ತು. ವಿನಾಯಿತಿ ಸರ್ಕಾರಿ ಸೈನಿಕರಿಗೆ ಮಾತ್ರ. ಕಿಲ್ಟ್ ಉಡಬೇಕೆಂಬ ಹುಡುಗ ರಾಜನ ಸೈನ್ಯಕ್ಕೆ ಸೇರಬೇಕಿತ್ತು. ನನಗೆ ಬಾಡಿಗೆಗೆ ಸಿಕ್ಕ ಬ್ಲಾಕ್ ವಾಚ್, ಹೈಲ್ಯಾಂಡಿನವರನ್ನು ಕಾಯಲು ಹೈಲ್ಯಾಂಡಿನವರನ್ನೇ ನೇಮಿಸಿ ಕಟ್ಟಿದ ಪಡೆಯ ಬಟ್ಟೆ. ಅಂಥದ್ದನ್ನು ಉಟ್ಟು ಆ ಕಲ್ಲುಗಳ ಮುಂದೆ ಫೋಟೋಗೆ ನಗುವುದು ಸರಿಯಲ್ಲ.

ಹಾಗಾದರೆ ಕೇಲಿಗೆ ತೊಟ್ಟಿದ್ದು ಸರಿಯೇ? ಪರಕೀಯನಿಗೆ ಈ ಉಡುಪಿನ ಮೇಲೆ ಏನು ಹಕ್ಕು? ಇದಕ್ಕೆ ಉತ್ತರ 1822ರ ಆಗಸ್ಟ್‌ನ ಎಡಿನ್‌ಬರೋದಲ್ಲಿದೆ. ಆಗ ಬ್ರಿಟನ್ನಿನ ನಾಲ್ಕನೆಯ ಜಾರ್ಜ್ ದೊರೆ ಅಲ್ಲಿಗೆ ಬಂದ. 1651ರ ನಂತರ ಆಳುವ ದೊರೆಯೊಬ್ಬ ಸ್ಕಾಟ್ಲೆಂಡಿನ ನೆಲ ಮೆಟ್ಟಿದ್ದು ಅದೇ ಮೊದಲು. ಸಮಾರಂಭದ ಸೂತ್ರಧಾರ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್. ಅಷ್ಟು ದಿನ ಹೈಲ್ಯಾಂಡಿನವರೆಂದರೆ ದನಗಳ್ಳರು ಎಂದು ಮೂಗು ಮುರಿಯುತ್ತಿದ್ದ ಬಯಲುಸೀಮೆಯ ಗಣ್ಯರೆಲ್ಲ ಟಾರ್ಟನ್ ಸುತ್ತಿಕೊಂಡು ಸಾಲುಗಟ್ಟಿದರು. ಸ್ಥೂಲಕಾಯದ ದೊರೆ 1,300 ಪೌಂಡಿಗೂ ಮಿಕ್ಕಿ ಖರ್ಚು ಮಾಡಿಸಿ ಕಿಲ್ಟ್ ತೊಟ್ಟ; ಬರಿಗಾಲು ಕಾಣದಂತೆ ಒಳಗೆ ಗುಲಾಬಿ ಬಣ್ಣದ ಬಿಗಿಯುಡುಪು ಹಾಕಿಕೊಂಡಿದ್ದ. ಮೊಣಕಾಲಿನ ಸಂಕೋಚ ದೊರೆಗೂ ತಪ್ಪಿಲ್ಲ! ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಆಸ್ಥಾನದ ಕಲಾವಿದ ಡೇವಿಡ್ ವಿಲ್ಕಿ ಮಾತ್ರ ಆ ಗುಲಾಬಿಯನ್ನು ಬಿಟ್ಟು, ದೊರೆಯನ್ನು ತೆಳ್ಳಗೆ ಮಾಡಿ ಚಿತ್ರ ಬರೆದ. ಇದೇ ವಿಲ್ಕಿ 1839ರಲ್ಲಿ, ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪುವಿನ ದೇಹವನ್ನು ಸ್ಕಾಟಿಷ್ ಸೇನಾನಿ ಡೇವಿಡ್ ಬೇರ್ಡ್ ಪತ್ತೆಹಚ್ಚುವ ದೊಡ್ಡ ಚಿತ್ರವನ್ನೂ ಬರೆದ. ಎರಡೂ ಕಡೆ ಅವನ ಕುಂಚ ಗೆದ್ದವರ ಪರವಾಗಿಯೇ ನಿಂತಿದೆ.

ಎಡಿನ್‌ಬರೋದಲ್ಲಿ ಆ ಮೆರವಣಿಗೆ ನಡೆಯುವ ಕಾಲಕ್ಕೆ ಹೈಲ್ಯಾಂಡ್ಸಿನಲ್ಲಿ ಜಮೀನುದಾರರು ಕುರಿ ಸಾಕಣೆಗಾಗಿ ರೈತರನ್ನು ಒಕ್ಕಲೆಬ್ಬಿಸುತ್ತಿದ್ದರು. ಬಟ್ಟೆಗೆ ಸಿಕ್ಕ ಮರ್ಯಾದೆ ಅದನ್ನು ನೇಯ್ದು ಉಟ್ಟವರಿಗೆ ಸಿಗಲಿಲ್ಲ. ಆದರೂ ಆ ಹಬ್ಬದ ನಂತರವೇ ಕಿಲ್ಟ್ ಬೆಟ್ಟದವರದ್ದಷ್ಟೇ ಆಗಿ ಉಳಿಯದೆ ಇಡೀ ಸ್ಕಾಟ್ಲೆಂಡಿನದಾಯಿತು. ಅಂದರೆ ಇಂದಿನ ಕಿಲ್ಟಿನ ವೈಭವವನ್ನು ಶುರುಮಾಡಿದವನೇ ನೆಂಟನಾಗಿ ಬಂದು ಬೇರೆಯವರ ಬಟ್ಟೆ ತೊಟ್ಟ ಒಬ್ಬ ಪ್ರವಾಸಿ. ಅವನಿಗಿಲ್ಲದ ಅಳುಕು ನನಗೇಕೆ?

ಕೇಲಿಯಲ್ಲಿ ಅಳುಕಲು ಪುರುಸೊತ್ತೂ ಇರಲಿಲ್ಲ. ಸ್ಟ್ರಿಪ್ ದಿ ವಿಲೋ ಎಂಬ ಕುಣಿತದಲ್ಲಿ ಸಾಲಿನ ಒಬ್ಬೊಬ್ಬರ ತೋಳು ಹಿಡಿದು ಗಿರ್ರನೆ ಸುತ್ತಿ ಮುಂದಿನವರಿಗೆ ದಾಟಿಸುತ್ತಾರೆ. ಎಂಟು ಗಜ ಉಣ್ಣೆ ಏಕೆ ಬೇಕೆಂಬುದು ಅಲ್ಲಿ ಅರ್ಥವಾಗುತ್ತದೆ: ಸುತ್ತಿದಾಗ ನಿರಿಗೆ ಬಿಚ್ಚಿ ಅರಳುತ್ತದೆ, ನಿಂತಾಗ ತನ್ನ ಭಾರಕ್ಕೆ ತಾನೇ ಬಂದು ಕೂರುತ್ತದೆ. ಎಪ್ಪತ್ತು ದಾಟಿದ ಹೆಂಗಸೊಬ್ಬರು ನನ್ನನ್ನು ಎರಡು ಸುತ್ತು ತಿರುಗಿಸಿ ಬಿಟ್ಟು, ನನ್ನ ಕಾಲುಚೀಲ ಜಾರಿದ್ದನ್ನು ಬೆರಳು ಮಾಡಿ ತೋರಿಸಿದರು. ನೀನು ಎಲ್ಲಿಯವನು, ನಿನಗೇಕೆ ಇದು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸರಿಯಾಗಿ ಉಟ್ಟಿದ್ದೀಯಾ ಎಂಬುದಷ್ಟೇ ಅವರಿಗೆ ಬೇಕಿದ್ದದ್ದು.

ಅವರ ಧೋರಣೆಯೇ ಸರಿ. ಇನ್ನೊಬ್ಬರ ಉಡುಪು ತೊಡಲು ಬೇಕಾದ್ದು ವಂಶವೃಕ್ಷವಲ್ಲ, ಉಡುವ ಕ್ರಮ ಕಲಿಯುವ ತಾಳ್ಮೆ, ಎಲ್ಲಿ ತೊಡಬಾರದು ಎಂಬ ವಿವೇಕ. ನಮ್ಮೂರ ಮದುವೆಗೆ ಬಂದ ವಿದೇಶಿ ಅತಿಥಿ ಪಂಚೆ ಉಟ್ಟರೆ ನಮಗೆ ಖುಷಿ. ಅದನ್ನೇ ಅವನು ತಮಾಷೆಯ ವೇಷ ಮಾಡಿಕೊಂಡರೆ ಮೈಯೆಲ್ಲ ಉರಿ. ಸ್ಕಾಟರ ಲೆಕ್ಕವೂ ಇಷ್ಟೇ.

ಆದ್ದರಿಂದ ಆ ಕಡೆ ಹೋದವರು ಧೈರ್ಯವಾಗಿ ತೊಡಿ. ಅಂಗಡಿಯವರು ಹೇಳಿಕೊಡುವುದನ್ನು ಗಮನವಿಟ್ಟು ಕೇಳಿ, ಬಕಲ್ ಬಿಗಿಯಾಗಿರಲಿ. ಕಿಲ್ಟಿನ ಒಳಗೆ ಏನೂ ತೊಡಬಾರದು ಎಂದು ಪೌರುಷದ ಮಾತಾಡುವವರು ದಾರಿಯುದ್ದಕ್ಕೂ ಸಿಗುತ್ತಾರೆ, ನಂಬಬೇಡಿ. ಬಾಡಿಗೆ ಕಿಲ್ಟನ್ನು ನಾಳೆ ಇನ್ನೊಬ್ಬರು ಉಡಬೇಕು. ಒಳಗೆ ಚಡ್ಡಿ ಇರಲಿ.