ಕೊನೆಯ ಮೀಟು

ಬೀಟಲ್ಸ್‌ನವರ ಕೊನೆಯ ಆಲ್ಬಂ ಯಾವುದು ಅಂತ ಕೇಳಿದರೆ ಎರಡು ಉತ್ತರ ಇವೆ, ಎರಡೂ ಸರಿ. ಅಂಗಡಿಗೆ ಕೊನೆಗೆ ಬಂದದ್ದು ‘ಲೆಟ್ ಇಟ್ ಬಿ’, 1970ರ ಮೇ 8ರಂದು. ಆದರೆ ಅದರ ಹೆಚ್ಚಿನ ಹಾಡುಗಳು 1969ರ ಜನವರಿಯಲ್ಲೇ ರೆಕಾರ್ಡ್ ಆಗಿದ್ದವು. ಆ ಟೇಪುಗಳನ್ನು ಬದಿಗಿಟ್ಟು ಅವರು ಮತ್ತೆ ಕೂಡಿ ಮಾಡಿದ್ದು ‘ಆ್ಯಬಿ ರೋಡ್’. ಅದು 1969ರ ಸೆಪ್ಟೆಂಬರ್ 26ಕ್ಕೇ ಹೊರಬಂತು. ಆಮೇಲೆ ಮಾಡಿದ್ದು ಮೊದಲು ಬಂತು, ಮೊದಲು ಮಾಡಿದ್ದು ಆಮೇಲೆ ಬಂತು. ಕಮಲಾಪುರದಲ್ಲಿ ನಾವು ಮೂರು ಜನ ಈ ವಿಷಯಕ್ಕೆ ವರ್ಷಗಟ್ಟಲೆ ಜಗಳವಾಡಿದ್ದೇವೆ. ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯ ‘ಲೆಟ್ ಇಟ್ ಬಿ’ ಪಕ್ಷ. ಕೆರೆಯ ಕೆಳಗೆ ಬಾಳೆ ತೋಟ ಇರುವವನೂ ನಾನೂ ‘ಆ್ಯಬಿ ರೋಡ್’ ಪಕ್ಷ. ಮನೆಯವರ ಪ್ರಕಾರ ಮೂವರೂ ಕೆಲಸವಿಲ್ಲದವರ ಪಕ್ಷ.

ಕಮಲಾಪುರಕ್ಕೂ ಇಂಗ್ಲಿಷ್ ರಾಕ್ ಸಂಗೀತಕ್ಕೂ ಎಲ್ಲಿಯ ನಂಟು ಅನ್ನುವವರು ಹೊಳೆಯಾಚೆಯ ವಿರುಪಾಪುರ ಗಡ್ಡೆಯನ್ನು ಅದು ಇದ್ದ ಹಾಗೆ ನೋಡಿರಲಿಕ್ಕಿಲ್ಲ. ನೆಲದ ಮೇಲೆ ಹಾಸಿಗೆ, ದಿಂಬು, ಮೋಟು ಮೇಜುಗಳ ಹೋಟೆಲುಗಳು, ಗಿಟಾರ್ ಹೆಗಲಿಗೇರಿಸಿಕೊಂಡು ತಿಂಗಳುಗಟ್ಟಲೆ ಉಳಿಯುತ್ತಿದ್ದ ಪರದೇಶದ ಹುಡುಗರು. ನನ್ನ ಸೋದರಮಾವ ಅಲ್ಲಿಯ ಒಂದು ಗೆಸ್ಟ್‌ಹೌಸಿನಲ್ಲಿ ಅಡುಗೆಯವರಾಗಿದ್ದರು. ಜೋಳದ ರೊಟ್ಟಿ ಬಡಿಯುವ ಮನೆಯಿಂದ ಹೋದವರು ಪ್ಯಾನ್‌ಕೇಕ್ ಹೊಯ್ಯುವುದನ್ನೂ, ಕಡಲೆ ರುಬ್ಬಿ ಹಮ್ಮಸ್ ಮಾಡುವುದನ್ನೂ ಕಲಿತರು. ಯಾರೋ ಒಬ್ಬ ಹೋಗುವಾಗ ಒಂದು ಕ್ಯಾಸೆಟ್ ಬಿಟ್ಟು ಹೋದ. ಅವನೇ ತನ್ನ ಮನೆಯಲ್ಲಿ ರೆಕಾರ್ಡಿನಿಂದ ನಕಲು ಮಾಡಿಕೊಂಡಿದ್ದಂಥದ್ದು, ಮೇಲೆ ಹೆಸರಿಲ್ಲ. ಅಡುಗೆಮನೆಯಲ್ಲಿ ಹತ್ತಾರು ವರ್ಷ ಅದೇ ಓಡಿತು. ಅದು ‘ಆ್ಯಬಿ ರೋಡ್’ ಅಂತ ಮಾವನಿಗೆ ಹೇಳಿದವನು ನಾನು, ಅದೂ ಬಹಳ ತಡವಾಗಿ. ಅವರಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಒಂದು ಹಾಡಿಗೆ ಮಾತ್ರ ಅವರದೇ ಹೆಸರಿತ್ತು: ‘ಹರಿಯೋ ಹಾಡು’.

ಹರಿಯುವುದು ಅಂದರೆ ಹೊಳೆ ಹರಿದಂತೆ ಅಲ್ಲ, ಬಟ್ಟೆ ಹರಿದಂತೆ. ಸುಮಾರು ಎಂಟು ನಿಮಿಷದ ಆ ಹಾಡು ಕೊನೆಯ ಭಾಗದಲ್ಲಿ ಒಂದೇ ವರಸೆಯನ್ನು ಸುತ್ತಿ ಸುತ್ತಿ ಬಾರಿಸುತ್ತ, ಹಿಂದೆ ಬಿರುಗಾಳಿಯಂಥ ಸದ್ದು ಏರುತ್ತ ಹೋಗಿ, ಗಕ್ಕನೆ ನಿಲ್ಲುತ್ತದೆ. ಟೇಪು ಹರಿದಿದೆ ಅಂತಲೇ ಮಾವ ತಿಳಿದಿದ್ದರು. ಮೊದಮೊದಲು ಕ್ಯಾಸೆಟ್ ಹೊರಗೆ ತೆಗೆದು ಪೆನ್ಸಿಲ್ ಹಾಕಿ ಸುತ್ತಿ ನೋಡುತ್ತಿದ್ದರಂತೆ. ನಿಜಕ್ಕೂ ಅಲ್ಲಿ ಟೇಪನ್ನು ಕತ್ತರಿಸಲಾಗಿದೆ. ಇಲ್ಲೇ ಕತ್ತರಿಸು ಅಂತ ಎಂಜಿನಿಯರಿಗೆ ಹೇಳಿದ್ದು ಜಾನ್ ಲೆನನ್. 1969ರ ಆಗಸ್ಟ್ 20ರಂದು ಈ ಹಾಡಿನ ಕೆಲಸಕ್ಕೆಂದು ಸೇರಿದ್ದೇ ನಾಲ್ವರೂ ಒಟ್ಟಿಗೆ ಸ್ಟುಡಿಯೋದಲ್ಲಿದ್ದ ಕೊನೆಯ ಸಲ. ಅದಾಗಿ ಒಂದು ತಿಂಗಳಿಗೆ, ಆಲ್ಬಂ ಇನ್ನೂ ಹೊರಬರುವ ಮೊದಲೇ, ತಾನು ಗುಂಪು ಬಿಡುತ್ತೇನೆ ಅಂತ ಲೆನನ್ ಉಳಿದವರಿಗೆ ಹೇಳಿಬಿಟ್ಟ.

ಇಷ್ಟು ತಿಳಿದ ಮೇಲೆ ಆ ಹಾಡನ್ನು ಮೊದಲಿನಂತೆ ಕೇಳುವುದು ನನಗೆ ಆಗುತ್ತಿಲ್ಲ. ಕತ್ತರಿಯ ಸದ್ದು ಬರುವ ಮೊದಲೇ ಕೇಳಿಸುತ್ತದೆ. ಇದು ನಮ್ಮ ಕಡೆಯವರಿಗೆ ಹೊಸತೇನಲ್ಲ. ಹೊಸಪೇಟೆ ಅಂದರೆ ಅಪ್ಪು ಅಭಿಮಾನಿಗಳ ಊರು. 2021ರ ಅಕ್ಟೋಬರ್ 29ರ ನಂತರ ಅವರ ಚಿತ್ರಗಳು ಬಂದದ್ದೂ ಹೀಗೇ ಹಿಂದುಮುಂದಾಗಿ. 2022ರ ಮಾರ್ಚ್ 17ಕ್ಕೆ ‘ಜೇಮ್ಸ್’ ಬಂದಾಗ ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜಕುಮಾರ್ ದನಿ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿ ಕೂಡಿಸಿ ಮತ್ತೆ ಬಿಟ್ಟರು. ಅಕ್ಟೋಬರ್ 28ಕ್ಕೆ ‘ಗಂಧದ ಗುಡಿ’ ಬಂತು, ಅದರಲ್ಲಿ ಅವರು ಪಾತ್ರವಲ್ಲ, ಅವರೇ. ಬಾಳೆ ತೋಟದ ಗೆಳೆಯ ‘ಜೇಮ್ಸ್’ ಎರಡು ಸಲ ನೋಡಿದ. ಅಣ್ಣನ ದನಿಯಲ್ಲೇ ಹೆಚ್ಚು ಅಳು ಬಂತು ಅಂದ, ಆ ದನಿ ಯಾಕಿದೆ ಅನ್ನುವುದು ಪ್ರತಿ ಮಾತಿಗೂ ನೆನಪಾಗುತ್ತಿತ್ತಂತೆ. 2023ರಲ್ಲಿ ಲೆನನ್‌ನ ಹಳೆಯ ಕ್ಯಾಸೆಟ್ಟಿನಿಂದ ದನಿ ಬಿಡಿಸಿ ತೆಗೆದು ಬೀಟಲ್ಸ್ ಹೆಸರಿನಲ್ಲಿ ‘ನೌ ಆ್ಯಂಡ್ ದೆನ್’ ಬಿಟ್ಟಾಗ ಅವನೊಬ್ಬನೇ ಅದನ್ನು ಕೇಳಲು ಒಪ್ಪಲಿಲ್ಲ. ದನಿ ಸ್ವಚ್ಛವಾಗಿದೆ, ಆದರೆ ಕೂಡಿದ ಜಾಗ ಕಾಣುವುದಿಲ್ಲ, ಹಂಗಾಗಬಾರದು ಅನ್ನುತ್ತಾನೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಆದರೆ ಆ ಹಾಡನ್ನು ನಾನೂ ಎರಡನೇ ಸಲ ಹಾಕಿಲ್ಲ.

2020ರ ಮಾರ್ಚಿನಲ್ಲಿ ಕೋರ್ಟಿನ ಆದೇಶದಂತೆ ಗಡ್ಡೆಯ ಹೋಟೆಲುಗಳನ್ನು ಕೆಡವಿದರು. ಮಾವ ಎರಡು ತವೆ, ಒಂದು ಒಲೆ, ಟೇಪ್‌ರೆಕಾರ್ಡರ್ ತಂದು ಮನೆಯ ಅಟ್ಟಕ್ಕೆ ಹಾಕಿದರು. ಹಿಂದೆಯೇ ಲಾಕ್‌ಡೌನ್ ಬಂತು. ಈಗ ಅವರು ಮದುವೆ ಮನೆಗಳ ಅಡುಗೆಗೆ ಹೋಗುತ್ತಾರೆ. ಗಡ್ಡೆಯ ಮಾತು ಅವರಾಗಿ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಟೇಪ್‌ರೆಕಾರ್ಡರಿನ ಬೆಲ್ಟ್ ಸಡಿಲಾಗಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು.

ಈ ಮಳೆಗಾಲದಲ್ಲಿ ಒಂದು ಸಂಜೆ ತೋಟದ ಗೆಳೆಯನ ಮಾಳಿಗೆಯ ಮೇಲೆ ಮಾವನನ್ನೂ ಕೂಡಿಸಿಕೊಂಡು ಫೋನಿನಿಂದ ಸ್ಪೀಕರಿಗೆ ಹಾಕಿ ಇಡೀ ‘ಆ್ಯಬಿ ರೋಡ್’ ಕೇಳಿದೆವು. ಹರಿಯುವ ಜಾಗಕ್ಕೆ ಫೋನಿನಲ್ಲೂ ಹರಿಯಿತು. ಮಾವ ನಕ್ಕರು. ಕೊನೆಯ ಹತ್ತಿರ, ಒಂದಕ್ಕೊಂದು ಅಂಟಿದ ತುಂಡು ಹಾಡುಗಳೆಲ್ಲ ಮುಗಿದು ‘ದಿ ಎಂಡ್’ ಬರುತ್ತದೆ. ಬೀಟಲ್ಸ್ ಹಾಡುಗಳಲ್ಲೆಲ್ಲ ರಿಂಗೋ ಒಬ್ಬನೇ ಡ್ರಮ್ ಬಾರಿಸಿದ್ದು ಅದೊಂದರಲ್ಲೇ. ಆಮೇಲೆ ಪಾಲ್, ಜಾರ್ಜ್, ಜಾನ್ ಸರದಿಯ ಮೇಲೆ ಗಿಟಾರ್ ಎತ್ತಿಕೊಳ್ಳುತ್ತಾರೆ, ನಮ್ಮ ಭಜನೆಯಲ್ಲಿ ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಂಡಂತೆ. ಮೂರು ಸುತ್ತು. ಜಗಳದ ನಡುವೆ ಇದ್ದವರು ಹೀಗೆ ಬಾರಿಸಿದರಲ್ಲ ಅಂತ ನಾನು ಪ್ರತಿ ಸಲ ಅಂದುಕೊಳ್ಳುತ್ತೇನೆ. ಮುಗಿಯಿತು ಅಂತ ಮಾವ ಪಂಚೆ ಕೊಡವಿ ಎದ್ದರು. ಮೆಟ್ಟಿಲ ತನಕ ಹೋಗಿರಬೇಕು, 14 ಸೆಕೆಂಡಿನ ಮೌನದ ಮೇಲೆ ಧಡ್ ಅಂತ ಒಂದು ಸದ್ದು, ಅದರ ಹಿಂದೆ ಪುಟ್ಟ ಹಾಡು.

“ಇದನ್ನ ಯಾವಾಗ ಸೇರಿಸ್ಯಾರಲೇ?”

“ಸೇರಿಸಿಲ್ಲ ಮಾವ, ಮೊದಲಿಂದನೂ ಐತಿ.”

“ನನ್ನ ಟೇಪಿನ್ಯಾಗ ಇಲ್ಲಲ್ಲಪಾ.”

ಇರಲಿಕ್ಕಿಲ್ಲ. ಆಲ್ಬಮ್ಮಿನ ಮೊದಲ ಮುದ್ರಣದ ರಟ್ಟಿನ ಮೇಲೆ ‘ಹರ್ ಮೆಜೆಸ್ಟಿ’ಯ ಹೆಸರೇ ಇರಲಿಲ್ಲ. ನಕಲು ಮಾಡಿದವನು ಮುಗಿಯಿತು ಅಂತ ಬಟನ್ ಒತ್ತಿರಬೇಕು. 23 ಸೆಕೆಂಡಿನ ಆ ಹಾಡು ಮೊದಲು ತುಂಡು ಹಾಡುಗಳ ನಡುವೆ ಇತ್ತು. ಪಾಲ್‌ಗೆ ಹಿಡಿಸದೆ ಕಿತ್ತುಹಾಕಲು ಹೇಳಿದ. ಬೀಟಲ್ಸ್‌ನವರದ್ದು ಏನನ್ನೂ ಎಸೆಯಬಾರದು ಅಂತ ಸ್ಟುಡಿಯೋದ ಕಟ್ಟಪ್ಪಣೆ ಇದ್ದದ್ದರಿಂದ ಜಾನ್ ಕರ್ಲಾಂಡರ್ ಎಂಬ ಎಂಜಿನಿಯರ್ ಅದನ್ನು ತುದಿಗೆ ಅಂಟಿಸಿಟ್ಟ. ಕಿತ್ತು ತಂದದ್ದರಿಂದ ಶುರುವಿನ ಧಡ್ ಹಿಂದಿನ ಹಾಡಿನದು, ಅದರದೇ ಕೊನೆಯ ಸ್ವರ ಅಲ್ಲೇ ಉಳಿದುಹೋಯಿತು. ಇದನ್ನೆಲ್ಲ ಕಾಲೇಜಿನ ಗೆಳೆಯ ಪಾಠದಂತೆ ಹೇಳಲು ಬಾಯಿ ತೆರೆಯುವ ಮೊದಲೇ ಮಾವ ಕೇಳಿದರು:

“ಕೊನೀಗೆ ಒಂದು ಮೀಟು ಬರಬೇಕಿತ್ತಲ್ಲ, ಎಲ್ಲಿ ಹೋತು?”

‘ಪಾಲಿಥೀನ್ ಪ್ಯಾಮ್’ ಹಾಡಿನ ಶುರುವಿನಲ್ಲಿ, ಬೇರೆ ಸದ್ದುಗಳ ಅಡಿಯಲ್ಲಿ ಹೂತುಹೋಗಿದೆ ಅಂತ ಗೆಳೆಯ ಹೇಳಿದ. ಮಾವ ತಿರುಗಿ ಬಂದು ಚಾಪೆಯ ಮೇಲೆ ಕೂತರು. ಅದನ್ನು ಹಾಕು ಅಂದರು. ಹಾಕಿದೆವು. ಕೇಳಿಸಲಿಲ್ಲ ಅಂದರು. ಮತ್ತೆ ಹಾಕಿಸಿದರು, ಸ್ಪೀಕರನ್ನು ಮೊಣಕಾಲ ಮೇಲೆ ಇಟ್ಟುಕೊಂಡು.