ಚಾಂಪಿಯನ್ ರೀಫ್‌ನಲ್ಲಿ ಉಳಿದವರು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುದಾರಿಯಲ್ಲಿ ‘ಚಾಂಪಿಯನ್’ ಎಂಬ ಪುಟ್ಟ ನಿಲ್ದಾಣವಿದೆ. ಅಲ್ಲಿ ಇಳಿದರೆ ಚಾಂಪಿಯನ್ ರೀಫ್, ಕೋಲಾರದ ಚಿನ್ನದ ಗಣಿಗಾಗಿ ಹುಟ್ಟಿದ ಊರುಗಳಲ್ಲೊಂದು. ಕೆಜಿಎಫ್ ಎಂದೊಡನೆ ಸಿನಿಮಾದ ಮಾತೆತ್ತುವ ಮುಂಬಯಿಯ ಸಹೋದ್ಯೋಗಿಗಳಿಗೆ ನಾನು ಈ ಊರಿನ ಕತೆ ಹೇಳುತ್ತೇನೆ.

1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಚಿನ್ನ ತೆಗೆಯತೊಡಗಿತು. ದೊರೆಗಳಿಗೆ ಬಂಗಲೆ, ಕ್ಲಬ್ಬು. ತಮಿಳು ಸೀಮೆಯಿಂದ ಬಂದ, ಬಹುಪಾಲು ದಲಿತರೇ ಆಗಿದ್ದ ಕಾರ್ಮಿಕರಿಗೆ ‘ಲೈನು’, ಅಂದರೆ ಸಾಲಾಗಿ ಕಟ್ಟಿದ ಇಕ್ಕಟ್ಟಿನ ಮನೆಗಳು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ತಂದದ್ದು ಈ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗಳಿಗೆ ಅದು ತಲುಪಿದ್ದು 1905ರಲ್ಲಿ.

ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ತಳದಲ್ಲಿ ಬಂಡೆಯೇ ಸುಡುತ್ತಿತ್ತು. ಒತ್ತಡಕ್ಕೆ ಅದು ಸಿಡಿದಾಗ ಜನ ಸಾಯುತ್ತಿದ್ದರು. ಅದೇ ಆಳ ನಮ್ಮ ಕೊಲಾಬಾದ ಟಿಐಎಫ್ಆರ್‌ಗೂ ಬೇಕಾಯಿತು. ಆಕಾಶದಿಂದ ಸುರಿಯುವ ಇತರ ಕಣಗಳನ್ನು ಅಷ್ಟು ದಪ್ಪದ ಬಂಡೆ ಬಹುಮಟ್ಟಿಗೆ ತಡೆಯುತ್ತದೆ, ನ್ಯೂಟ್ರಿನೊಗಳು ಮಾತ್ರ ಹಾದುಹೋಗುತ್ತವೆ. 1965ರಲ್ಲಿ, 2.3 ಕಿ.ಮೀ. ಕೆಳಗೆ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರಿದ್ದ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲೂ ಅವು ಸಿಕ್ಕವು. ಅದೂ ಚಿನ್ನದ ಗಣಿಯೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು. ಅದಿರು ಅರೆದು ಸುರಿದ ಸೈನೈಡ್ ಗುಡ್ಡಗಳು ಮೇಲುಳಿದವು. ಗಾಳಿ ಬೀಸಿದರೆ ಅದರ ಧೂಳು ಲೈನುಗಳ ಒಳಕ್ಕೇ ಬರುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಪ್ರಾಜೆಕ್ಟ್ ಮುಗಿದರೆ ತಂಡ ಇನ್ನೊಂದಕ್ಕೆ ಹೋಗುತ್ತದೆ. ಅಲ್ಲಿಂದಲೂ ಲಂಡನ್ನಿನವರು ಹೋದರು, ವಿಜ್ಞಾನಿಗಳು ಹೋದರು. ಲೈನಿನವರು ಉಳಿದರು. ಪರೇಲಿನಲ್ಲಿ ಗಿರಣಿಗಳು ನಿಂತ ಮೇಲೆ ನೆಲಕ್ಕೇ ಚಿನ್ನದ ಬೆಲೆ ಬಂತು, ಎಷ್ಟೋ ಕಾರ್ಮಿಕರು ದೂರದ ಉಪನಗರಗಳಿಗೆ ಸರಿದರು. ಚಾಂಪಿಯನ್ ರೀಫ್‌ನ ನೆಲಕ್ಕೆ ಅಂಥ ಬೆಲೆ ಬರಲಿಲ್ಲ.

ಮುಂಬಯಿಯಲ್ಲಿ ಯಾರಾದರೂ “ನಿಮ್ಮ ಊರು ಯಾವುದು?” ಎಂದು ಕೇಳಿದರೆ ನಮಗೆಲ್ಲ ಹೇಳಲು ಬೇರೊಂದು ಹೆಸರಿರುತ್ತದೆ, ಕೆಲಸ ಹೋದರೆ ಅಲ್ಲಿಗೆ ಮರಳಬಹುದು ಎಂಬ ಧೈರ್ಯವೂ ಇರುತ್ತದೆ. ಅವರೂ ನಮ್ಮಂತೆ ವಲಸೆ ಬಂದವರೇ. ಆದರೆ ತಲೆಮಾರುಗಳು ಕಳೆದಿವೆ, ಈಗ ಅವರ ಊರು ಇದೇ. ಹಾಗಾಗಿ ಊರು ಬಿಡದೆಯೇ ಕೆಲಸ ಹುಡುಕಿಕೊಂಡಿದ್ದಾರೆ. ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡುವ ರೈಲು ಅವರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ, ರಾತ್ರಿ ಮತ್ತೆ ಲೈನಿಗೆ ತಂದು ಬಿಡುತ್ತದೆ.