ಚಾರ್ಜ್ ಅದ, ಚಾಲೂ ಆಗವಲ್ದು

ಏಪ್ರಿಲ್ 21, 2025, ಸೋಮವಾರ

ಸೋಮವಾರ ಬಂದರೆ ಅವ್ವನಿಗೆ ಕಲಬುರಗಿಯ ಶರಣಬಸಪ್ಪನ ಗುಡಿಗೆ ಹೋಗಲೇಬೇಕು. ಕಮಲಾಪುರದಿಂದ ಸುಮಾರು 35 ಕಿ.ಮೀ., ಗಾಡಿ ತಕರಾರಿಲ್ಲದೆ ಬಂದಿತ್ತು. ಸಮಾಧಿಯ ದರ್ಶನ, ದಾಸೋಹದ ಪ್ರಸಾದ ಮುಗಿಸಿ ಹೊರಗೆ ಬಂದಾಗ ಮಟಮಟ ಮಧ್ಯಾಹ್ನ. ರಿಮೋಟ್ ಒತ್ತಿದರೆ ಬಾಗಿಲು ತೆರೆಯಲಿಲ್ಲ. ರಿಮೋಟಿನ ಹೊಟ್ಟೆಯಲ್ಲಿರುವ ಉಕ್ಕಿನ ಕೀಲಿ ತೆಗೆದು ಬಾಗಿಲು ತೆರೆದೆ. ಬ್ರೇಕ್ ತುಳಿದು ಬಟನ್ ಒತ್ತಿದಾಗ ಪರದೆ ಒಮ್ಮೆ ಮಿಣುಕಿತು, ಒಳಗೆಲ್ಲೋ ಟಕಟಕ ಎಂದಿತು, ಆಮೇಲೆ ಪೂರಾ ಕತ್ತಲು.

ಐದು ನಿಮಿಷದಲ್ಲಿ ಜನ ನೆರೆದರು. ಕಾರಿನ ಮುಂದೆ ಹೆಣ್ಣುಮಗಳೊಬ್ಬಳು ನಿಂತರೆ ಸಲಹೆಗಳಿಗೆ ಬರವಿಲ್ಲ.

‘ಚಾರ್ಜ್ ಖಾಲಿ ಆಗ್ಯಾದ್ರಿ ಮೇಡಂ.’

‘ಅರ್ಧದ ಮ್ಯಾಲ ಅದರಿ.’

‘ಹಂಗಾರ ದಬ್ಬೋಣೇನ್ರಿ?’

ದಬ್ಬಿದರೆ ಚಾಲೂ ಆಗಲು ಇದರಲ್ಲಿ ಎಂಜಿನ್ ಇಲ್ಲ, ಕ್ಲಚ್ಚೂ ಇಲ್ಲ. ಇದರ ಪಾರ್ಕಿಂಗ್ ಲಾಕ್ ಕೂಡ ಕರೆಂಟಿನದು. ಕರೆಂಟಿಲ್ಲದೆ ನ್ಯೂಟ್ರಲ್‌ಗೆ ಬರುವುದಿಲ್ಲ. ಹಗ್ಗ ಕಟ್ಟಿ ಎಳೆಯುವುದಂತೂ ಬೇಡವೇ ಬೇಡ. ಗಾಲಿ ತಿರುಗಿದರೆ ಮೋಟರ್ ತಾನೇ ಜನರೇಟರ್ ಆಗಿ ಕರೆಂಟ್ ಹುಟ್ಟಿಸುತ್ತದೆ.

ಬಾನೆಟ್ ತೆಗೆಸಿದೆ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಮುನ್ನೂರು ವೋಲ್ಟಿಗೂ ಮೇಲೆ ಹರಿಯುತ್ತದೆ, ಅವನ್ನು ಯಾರೂ ಮುಟ್ಟಬಾರದು ಎಂದು ಮೊದಲೇ ಹೇಳಿದೆ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು, ಅಷ್ಟು ಅನುಕೂಲವಾಯಿತು. ನನಗೆ ಬೇಕಿದ್ದದ್ದು ಮೂಲೆಯಲ್ಲಿದ್ದ 12 ವೋಲ್ಟಿನ ಸಣ್ಣ ಬ್ಯಾಟರಿ. ಪೆಟ್ರೋಲ್ ಗಾಡಿಗಳಲ್ಲಿ ಇರುವಂಥದ್ದೇ.

ಬ್ಯಾಟರಿ ಅಂಗಡಿಯ ಹುಡುಗ ಸ್ಕೂಟರಿನಲ್ಲಿ ಬಂದು ಮೀಟರ್ ಹಚ್ಚಿದ. 10.4. ‘ಒಂದ್ ಸೆಲ್ ಸತ್ತದರಿ ಅಕ್ಕಾ’ ಎಂದ. ಪಿಯು ಮಕ್ಕಳಿಗೆ ವರ್ಷವೂ ಕಲಿಸುವ ಲೆಕ್ಕ: ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್, ಕೂಡಿದರೆ 12.6. ಒಂದು ಹೋದರೆ ಉಳಿಯುವುದು 10.5. ಕಪ್ಪು ಹಲಗೆಯ ಮೇಲೆ ಈ ಲೆಕ್ಕ ಇಷ್ಟು ರುಚಿಸಿರಲಿಲ್ಲ.

ಅಂಗೈಯಗಲದ ಬೂಸ್ಟರ್ ಹಚ್ಚಿದ. ಕೆಂಪು ತಂತಿ ಪ್ಲಸ್‌ಗೆ, ಕಪ್ಪು ತಂತಿ ಬಾಡಿಯ ಲೋಹಕ್ಕೆ. ಬಟನ್ ಒತ್ತಿದ ಕೂಡಲೇ ‘ರೆಡಿ’ ಎಂಬ ಹಸಿರಕ್ಷರ ಬಂತು. ಮೀಟರ್ 14.1 ತೋರಿಸಿತು. ದಾರಿಯಲ್ಲಿ ಎಲ್ಲೂ ಆಫ್ ಮಾಡಬೇಡಿ ಎಂದ. ಮಾಡಲಿಲ್ಲ.

ಏಪ್ರಿಲ್ 22, ಮಂಗಳವಾರ

ಅವ್ವನಿಗೆ ರಾತ್ರಿಯೆಲ್ಲ ಒಂದೇ ಪ್ರಶ್ನೆ: ದೊಡ್ಡ ಬ್ಯಾಟರಿ ತುಂಬಿದ್ದಾಗ ಸಣ್ಣದರ ಹಂಗೇಕೆ? ಹಗೇವು ತುಂಬ ಜೋಳ ಇದ್ದರೂ ಬಾಯಿಗೆ ಮುಚ್ಚಿದ ಬಂಡೆ ಸರಿಸುವವರು ಬೇಕಲ್ಲ ಎಂದೆ. ದೊಡ್ಡ ಬ್ಯಾಟರಿಗೂ ಮೋಟರಿಗೂ ನಡುವೆ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚುಗಳಿವೆ. ಗಾಡಿ ನಿಂತಾಗ, ಅಪಘಾತವಾದಾಗ ಅವು ತೆರೆದುಕೊಂಡು ಹೆಚ್ಚಿನ ವೋಲ್ಟೇಜನ್ನು ಡಬ್ಬಿಯೊಳಗೇ ಕಟ್ಟಿಹಾಕುತ್ತವೆ. ಮತ್ತೆ ಕೂಡಿಸಲು 12 ವೋಲ್ಟ್ ಬೇಕು. ಗಾಡಿಯ ಕಂಪ್ಯೂಟರು, ದೀಪ, ಬೀಗಕ್ಕೂ ಅದೇ. ಒಮ್ಮೆ ಕೂಡಿದ ಮೇಲೆ ದೊಡ್ಡದೇ ಡಿಸಿ–ಡಿಸಿ ಕನ್ವರ್ಟರ್ ಮೂಲಕ ಸಣ್ಣದನ್ನು ತುಂಬುತ್ತದೆ. ನಿನ್ನೆ ಬೆಳಿಗ್ಗೆ ಓಡಿದ ಗಾಡಿ, ನಿಂತು ಎದ್ದಾಗ ಕೈಕೊಟ್ಟಿದ್ದು ಅದಕ್ಕೇ.

ಈ ಏರ್ಪಾಟಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಸಿಟ್ಟು ಬರುವುದು ಬೇರೆಯದಕ್ಕೆ. ಪೆಟ್ರೋಲ್ ಗಾಡಿಯ ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ. ಹೀಗಾಗಿ ಬ್ಯಾಟರಿ ಸೋಲುವ ಮೊದಲು ವಾರಗಟ್ಟಲೆ ಗರ್ ಗರ್ ಎಂದು ನರಳಿ ತಿಳಿಸುತ್ತದೆ. ಇಲ್ಲಿ ಎಳೆತವೇ ಕಡಿಮೆ, ನರಳಾಟವೂ ಇಲ್ಲ. ಒಂದು ದಿನ ಸುಮ್ಮನೆ ಸಾಯುತ್ತದೆ. ಅದೂ ಬೇಸಿಗೆಯಲ್ಲಿ 42, 43 ಡಿಗ್ರಿ ಕಾಯುವ ನಮ್ಮೂರಲ್ಲಿ! ಸೀಸ–ಆಮ್ಲದ ಬ್ಯಾಟರಿಗೆ ಬಿಸಿಯಷ್ಟು ಕೇಡು ಮತ್ತೊಂದಿಲ್ಲ. ಚಾರ್ಜ್ ಎಷ್ಟಿದೆ ಎಂದು ದೊಡ್ಡದಾಗಿ ತೋರಿಸುವ ಪರದೆಗೆ ಇದರ ವೋಲ್ಟೇಜ್ ತೋರಿಸಲು ಏನು ಕಷ್ಟವೋ.

ಇಲೆಕ್ಟ್ರಿಕ್ ವಾಹನಗಳಿಗೆಂದೇ ದೇಶದಲ್ಲಿ ಮೊದಲು, 2017ರಲ್ಲಿ, ನೀತಿ ತಂದದ್ದು ನಮ್ಮ ರಾಜ್ಯ. 2001ರಲ್ಲಿ ಬೆಂಗಳೂರಿನ ರೇವಾ ಬೀದಿಗಿಳಿದಾಗ ಅದು ಓಡುತ್ತಿದ್ದದ್ದೇ ಸೀಸ–ಆಮ್ಲದ ಬ್ಯಾಟರಿಗಳ ಮೇಲೆ. ಮುಖ್ಯ ಬ್ಯಾಟರಿ ಲಿಥಿಯಂಗೆ ಹೊರಳಿತು, ಮೂಲೆಯಲ್ಲಿ ಮಾತ್ರ ಹಳಬ ಕೂತೇ ಇದ್ದಾನೆ.

ಸಂಜೆ ಹೊಸದು ಹಾಕಿಸಿದೆ. ನಿಂತಾಗ 12.7.

ಏಪ್ರಿಲ್ 24, ಗುರುವಾರ

ಹುಡುಗ ಮನೆಗೇ ಬಂದು ನಿಂತ ಗಾಡಿಯ ಸೋರಿಕೆ ಅಳೆದ. ಬೀಗ ಹಾಕಿ, ಎಲ್ಲ ಕಂಪ್ಯೂಟರುಗಳೂ ಮಲಗಲಿ ಎಂದು ಚಹಾ ಕುಡಿಯುತ್ತ ಕಾದ. ಅವಸರ ಮಾಡಿದರೆ ಸುಳ್ಳು ಅಂಕಿ ಬರುತ್ತದಂತೆ. 30 ಮಿಲಿಆಂಪಿಯರ್. ಐವತ್ತರ ಒಳಗಿದ್ದರೆ ಚಿಂತೆಯಿಲ್ಲ.

ಏಪ್ರಿಲ್ 27, ಭಾನುವಾರ

ಬೆಳಗಿನ ಜಾವ ಪಕ್ಕದ ಮನೆಯ ಕಾಕಾ ಬಾಗಿಲು ಬಡಿದರು. ಕೆಂಪು ಬಾಳೆಗೊನೆ ಹೇರಿದ ಟೆಂಪೊ ಚಾಲೂ ಆಗವಲ್ದು, ಕಲಬುರಗಿ ಮಾರ್ಕೆಟ್ಟಿಗೆ ಹೊತ್ತಾಗುತ್ತದೆ; ನಿನ್ನ ಗಾಡಿಯಿಂದ ಒಂದೀಟು ಕರೆಂಟ್ ಕೊಡವ್ವ ಎಂದರು. ಆಗುವುದಿಲ್ಲ ಎಂದೆ. ಡೀಸೆಲ್ ಎಂಜಿನ್ ತಿರುಗಿಸುವಷ್ಟು ಆಂಪಿಯರ್ ಕೊಡಲು ನನ್ನ ಗಾಡಿಯ ಕನ್ವರ್ಟರ್ ಆಗಿಬಂದದ್ದಲ್ಲ, ಸುಟ್ಟರೆ ಬ್ಯಾಟರಿಯ ಹತ್ತಾರು ಪಟ್ಟು ಖರ್ಚು, ಕೈಪಿಡಿಯೂ ಬೇಡವೆನ್ನುತ್ತದೆ. ಹೇಳುತ್ತಿದ್ದಂತೆ ಕಾಕಾನ ಮುಖ ಸಣ್ಣದಾಯಿತು. ಬ್ಯಾಟರಿ ಹುಡುಗನ ನಂಬರ್ ಕೊಟ್ಟೆ. ಮಾತಾಡದೆ ತಗೊಂಡು ಹೋದರು.

ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: ‘ಶರಣಬಸಪ್ಪನ ಗುಡ್ಯಾಗ ಉಂಡು ಬಂದಾಕಿ, ಮನಿಗಿ ಬಂದವರಿಗಿ ಇಲ್ಲ ಅಂದಿ. ಅಷ್ಟ್ ದೊಡ್ಡ ಬ್ಯಾಟರಿ ಇಟಗೊಂಡು ಕೊಡಾಕ್ ಬರಂಗಿಲ್ಲ ಅಂದ್ರ ಯಾರ್ ನಂಬ್ತಾರ?’